ಹಳೆಯ ಸಿಎನ್‌ಸಿ ಮಿಲ್ಲಿಂಗ್ ಮಷಿನ್ ಅಳತೆ ತಪ್ಪುತ್ತಿದೆಯೇ? ಎಲ್ಲಿಂದ ಹುಡುಕಬೇಕು, ಯಾವಾಗ ಅಪ್‌ಗ್ರೇಡ್ ಮಾಡಬೇಕು

ಅಲಾರಂ ಕೊಟ್ಟು ನಿಂತ ಮಷಿನ್‌ಗಿಂತ, ಅಲಾರಂ ಇಲ್ಲದೆ ಓಡುತ್ತಲೇ ಅಳತೆ ತಪ್ಪುವ ಮಷಿನ್ ಹೆಚ್ಚು ಕಷ್ಟ ಕೊಡುತ್ತದೆ. ನಿಂತದ್ದು ಪರದೆಯ ಮೇಲೆ ಒಂದು ನಂಬರನ್ನಾದರೂ ತೋರಿಸುತ್ತದೆ. ಓಡುವುದು ಹಾಗಲ್ಲ. ಬೆಳಗಿನ ಮೊದಲ ಜಾಬ್ ಸರಿಯಾಗಿ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ಪಾಕೆಟ್ 40 ಮೈಕ್ರಾನ್ ಸರಿದಿರುತ್ತದೆ, ಬೋರ್ ಗುಂಡಗೆ ಬರುವುದಿಲ್ಲ, ಆಪರೇಟರ್ ಪ್ರತಿ ಪೀಸಿಗೂ ಆಫ್‌ಸೆಟ್ ತಿದ್ದುತ್ತಾ ನಿಂತಿರುತ್ತಾರೆ.

ಇಂಥ ಮಷಿನ್ ಎದುರು ಹೆಚ್ಚಿನವರು ಮೊದಲು ಮಾಡುವುದು ಬ್ಯಾಕ್‌ಲ್ಯಾಷ್ (ದಿಕ್ಕು ಬದಲಿಸುವಾಗ ಕಳೆದುಹೋಗುವ ಚಲನೆ) ತುಂಬಿಕೊಡುವ ಪ್ಯಾರಾಮೀಟರ್ ಏರಿಸುವ ಕೆಲಸ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲರ್ ಬದಲಿಸುವ ಮಾತು ಶುರುವಾಗುತ್ತದೆ. ಎರಡಕ್ಕೂ ಅದರದರ ಹೊತ್ತು ಇದೆ. ಆದರೆ ಮೋಟಾರಿನಿಂದ ಟೇಬಲ್‌ವರೆಗಿನ ದಾರಿಯಲ್ಲಿ ಚಲನೆ ಎಲ್ಲಿ ಕಳೆದುಹೋಗುತ್ತಿದೆ ಎಂದು ಡಯಲ್ (ಮೈಕ್ರಾನ್ ಲೆಕ್ಕದ ಚಲನೆ ತೋರಿಸುವ ಮುಳ್ಳಿನ ಗೇಜ್) ಹಿಡಿದು ಕಂಡುಕೊಳ್ಳುವ ಮೊದಲು ಈ ಎರಡಕ್ಕೂ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸವೆದ ಬೇರಿಂಗ್ ಮೇಲೆ ಹೊಸ ಕಂಟ್ರೋಲರ್ ಕೂರಿಸಿದರೆ ಅದೇ ತಪ್ಪು ಹೊಸ ಪರದೆಯ ಮೇಲೆ ಕಾಣುತ್ತದೆ, ಅಷ್ಟೇ.

ಕೆಳಗಿನ ಉದಾಹರಣೆಗಳಲ್ಲಿ ನಂಬರ್ ಬಂದಲ್ಲೆಲ್ಲ ಫ್ಯಾನುಕ್ 0-ಎಂ ಕಂಟ್ರೋಲ್ ಇಟ್ಟುಕೊಂಡಿದ್ದೇನೆ. ಹಳೆಯ ಮಿಲ್ಲಿಂಗ್ ಮಷಿನ್‌ಗಳಲ್ಲಿ ಅದು ಇನ್ನೂ ಸಾಕಷ್ಟು ಕಡೆ ಓಡುತ್ತಿದೆ. ಬೇರೆ ಕಂಟ್ರೋಲ್ ಆದರೆ ನಂಬರ್ ಬೇರೆ, ಹುಡುಕುವ ಕ್ರಮ ಇದೇ.

ಮೊದಲು ಬ್ಯಾಕಪ್

ಪ್ಯಾನೆಲ್ ಬಾಗಿಲು ತೆಗೆಯುವ ಮುಂಚೆ ಪ್ಯಾರಾಮೀಟರ್, ಪಿಎಂಸಿ (ಮಷಿನ್‌ನ ಸ್ವಿಚ್, ಸೊಲೆನಾಯ್ಡ್‌ಗಳನ್ನು ನಡೆಸುವ ಲಾಜಿಕ್) ಡೇಟಾ, ಆಫ್‌ಸೆಟ್, ಪ್ರೋಗ್ರಾಂ ಎಲ್ಲವನ್ನೂ ಹೊರಗೆ ತೆಗೆದಿಡಿ. ಈ ಕಂಟ್ರೋಲ್‌ಗಳಲ್ಲಿ ಮೆಮೊರಿ ಉಳಿಯುವುದು ಬ್ಯಾಟರಿಯಿಂದ. ಬ್ಯಾಟರಿ ಹೋದರೆ ಮಷಿನ್‌ಗೆ ತಾನು ಯಾರೆಂಬುದೇ ಮರೆತುಹೋಗುತ್ತದೆ. ಆರ್‌ಎಸ್-232 ಪೋರ್ಟ್ ಇದ್ದರೆ ಸಾಮಾನ್ಯವಾಗಿ 4800 ಬಾಡ್, 7 ಬಿಟ್, ಈವನ್ ಪ್ಯಾರಿಟಿ, 2 ಸ್ಟಾಪ್ ಬಿಟ್ ಇಟ್ಟರೆ ಮಾತಾಡುತ್ತದೆ. ಪೋರ್ಟ್ ಕೆಟ್ಟಿದ್ದರೆ ಪ್ಯಾರಾಮೀಟರಿನ ಪ್ರತಿ ಪುಟದ ಫೋಟೋ ತೆಗೆಯಿರಿ. ಬೇಸರದ ಕೆಲಸ, ಆದರೂ ಬಿಡಬೇಡಿ. 900ರಿಂದ ಶುರುವಾಗುವ ಪ್ಯಾರಾಮೀಟರ್‌ಗಳನ್ನು ವಿಶೇಷವಾಗಿ ಬರೆದಿಡಿ. ಆ ಮಷಿನ್‌ಗೆ ಯಾವ ಯಾವ ಆಪ್ಷನ್ ಇದೆ ಎಂಬುದು ಅಲ್ಲೇ ಇರುತ್ತದೆ, ಊಹಿಸಿ ತುಂಬಲು ಆಗುವುದಿಲ್ಲ.

ಪರದೆಯ ಮೇಲೆ ಬಿಎಟಿ ಎಂದು ಮಿನುಗುತ್ತಿದ್ದರೆ ಬ್ಯಾಟರಿ ಬದಲಿಸಿಯೇ ಮುಂದಕ್ಕೆ ಹೋಗಿ. ಬದಲಿಸುವಾಗ ಕಂಟ್ರೋಲ್ ಆನ್ ಇರಬೇಕು. ಪವರ್ ಆಫ್ ಮಾಡಿ ಸೆಲ್ ತೆಗೆದರೆ ಮೆಮೊರಿ ಹೋಯಿತು.

ಸುರಕ್ಷತೆಯ ಬಗ್ಗೆ ಎರಡು ಮಾತು. ಸರ್ವೋ ಡ್ರೈವ್‌ನ ಡಿಸಿ ಬಸ್ ಕೆಪಾಸಿಟರ್‌ಗಳು ಮೇನ್ ಆಫ್ ಮಾಡಿದ ಮೇಲೂ ಚಾರ್ಜ್ ಹಿಡಿದಿರುತ್ತವೆ. 200 ವೋಲ್ಟ್ ಎಸಿಯ ಡ್ರೈವ್ ಎಂದರೆ ಒಳಗೆ ಸುಮಾರು 280 ವೋಲ್ಟ್ ಡಿಸಿ. ಚಾರ್ಜ್ ದೀಪ ಆರುವವರೆಗೆ ಕಾಯಿರಿ, ಆರಿದ ಮೇಲೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ. ಇನ್ನೊಂದು, ಝಡ್ ಅಕ್ಷದ ಮೋಟಾರ್, ಬೆಲ್ಟ್ ಅಥವಾ ಕಪ್ಲಿಂಗ್ ಬಿಚ್ಚುವ ಮುನ್ನ ಸ್ಪಿಂಡಲ್ ಹೆಡ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಟ್ಟು ಹೆಡ್ಡನ್ನು ಅದರ ಮೇಲೆ ಕೂರಿಸಿ. ಬ್ರೇಕ್ ಇರುವುದು ಸಾಮಾನ್ಯವಾಗಿ ಮೋಟಾರ್‌ನಲ್ಲೇ. ಮೋಟಾರ್ ಕಳಚಿದ ಕ್ಷಣ ಹೆಡ್ಡನ್ನು ಹಿಡಿಯುವುದು ಏನೂ ಉಳಿಯುವುದಿಲ್ಲ.

ತಪ್ಪು ಯಾವ ತರಹದ್ದು

ಡಯಲ್ ಕಟ್ಟುವ ಮೊದಲು ಆಪರೇಟರ್ ಜೊತೆ ಕುಳಿತು ಮಾತಾಡಿ. ಅಳತೆ ತಪ್ಪುತ್ತದೆ ಎಂಬುದು ಸಾಲದು, ಹೇಗೆ ತಪ್ಪುತ್ತದೆ ಎಂಬುದು ಬೇಕು. ದಿಕ್ಕು ಬದಲಿಸಿದಾಗಲೆಲ್ಲ ಅಷ್ಟೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ ಅದು ಪ್ಲೇ, ಅಂದರೆ ಭಾಗಗಳ ನಡುವಿನ ಸಡಿಲ. ಗಂಟೆ ಕಳೆದಂತೆ ಒಂದೇ ದಿಕ್ಕಿಗೆ ನಿಧಾನವಾಗಿ ಸರಿಯುತ್ತಾ ಹೋಗಿ, ಮಷಿನ್ ತಣ್ಣಗಾದ ಮೇಲೆ ಹಿಂದಿನ ಜಾಗಕ್ಕೇ ಬಂದರೆ ಅದು ಶಾಖ. ಇದ್ದಕ್ಕಿದ್ದಂತೆ ಜಿಗಿದು, ಜಿಗಿದದ್ದು ಹಾಗೇ ಉಳಿದು, ಮತ್ತೆ ಹೋಮ್ ಮಾಡಿದರೆ (ಅಕ್ಷವನ್ನು ಅದರ ಮೂಲ ಜಾಗಕ್ಕೆ ಕಳಿಸಿದರೆ) ಮಾತ್ರ ಸರಿಹೋಗುತ್ತಿದ್ದರೆ ಎನ್‌ಕೋಡರ್ (ಮೋಟಾರ್ ಎಷ್ಟು ತಿರುಗಿತೆಂದು ಎಣಿಸುವ ಸಾಧನ) ಕಡೆಯ ಎಣಿಕೆ ತಪ್ಪಿದೆ. ಹೋಮ್ ಮಾಡಿದರೂ ಸರಿಹೋಗದಿದ್ದರೆ ಕಪ್ಲಿಂಗ್ ಅಥವಾ ಪುಲ್ಲಿ ಜಾರಿದೆ. ಬೆಳಗ್ಗೆ ಹೋಮ್ ಮಾಡಿದಾಗಲೇ ಸರಿಯಾಗಿ ಟೇಬಲ್ ಸರಿಸುವ ಬಾಲ್ ಸ್ಕ್ರೂವಿನ ಒಂದು ಪಿಚ್‌ನಷ್ಟು (ಒಂದು ಸುತ್ತಿಗೆ ಸರಿಯುವ ದೂರ), ಅಂದರೆ 10 ಮಿಮೀ ಪಿಚ್ ಇದ್ದರೆ ಸರಿಯಾಗಿ 10 ಮಿಮೀ ಆಚೀಚೆ ಆಗಿದ್ದರೆ ಅದು ಹೋಮ್ ಸ್ವಿಚ್ಚಿನ ಕತೆ.

ಶಾಖದ ವಿಚಾರ ಇಲ್ಲೇ ಮುಗಿಸಿಬಿಡುತ್ತೇನೆ. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 11ರಿಂದ 12 ಮೈಕ್ರಾನ್ ಹಿಗ್ಗುತ್ತದೆ. ಅರ್ಧ ಮೀಟರ್ ಸ್ಕ್ರೂ ಓಡಿ ಓಡಿ 10 ಡಿಗ್ರಿ ಬಿಸಿಯಾದರೆ ತುದಿಯಲ್ಲಿ 55-60 ಮೈಕ್ರಾನ್ ಆಯಿತು. ಇದು ದೋಷವಲ್ಲ, ಲೋಹದ ಗುಣ. ಬೆಳಗ್ಗೆ ಕೆಲಸಕ್ಕೆ ಮುಂಚೆ ಅಕ್ಷಗಳನ್ನೂ ಸ್ಪಿಂಡಲ್ಲನ್ನೂ ಖಾಲಿ ಓಡಿಸಿ ಬಿಸಿ ಮಾಡಿಕೊಂಡರೆ ಬಹುಪಾಲು ತಹಬಂದಿಗೆ ಬರುತ್ತದೆ. ಬೇರಿಂಗ್ ಕಡೆ ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಪ್ರೀಲೋಡ್ (ಸಡಿಲ ಉಳಿಯದಂತೆ ಮೊದಲೇ ಕೊಟ್ಟ ಬಿಗಿ) ಅತಿಯಾಗಿದೆ ಅಥವಾ ಬೇರಿಂಗ್ ಹೋಗಿದೆ.

ಪ್ಲೇ ಎಲ್ಲಿದೆ

ಹೆಚ್ಚಿನ ಮಷಿನ್‌ಗಳ ಕಾಯಿಲೆ ಇಲ್ಲೇ ಸಿಗುವುದರಿಂದ ನಿಧಾನವಾಗಿ ಹೋಗೋಣ.

ಮೊದಲು ಪ್ಯಾರಾಮೀಟರಿನಲ್ಲಿ ಈಗಿರುವ ಬ್ಯಾಕ್‌ಲ್ಯಾಷ್ ಬೆಲೆ ಬರೆದುಕೊಂಡು ಅದನ್ನು ಸೊನ್ನೆ ಮಾಡಿ. 0-ಎಂನಲ್ಲಿ ಎಕ್ಸ್‌ಗೆ 535, ವೈಗೆ 536, ಝಡ್‌ಗೆ 537. ಸೊನ್ನೆ ಮಾಡದೆ ಅಳೆದರೆ ನೀವು ನೋಡುವುದು ಮಷಿನನ್ನಲ್ಲ, ಹಿಂದೆ ಯಾರೋ ತುಂಬಿದ ನಂಬರನ್ನು.

ಮ್ಯಾಗ್ನೆಟಿಕ್ ಬೇಸನ್ನು ಸ್ಪಿಂಡಲ್ ಮೂತಿಗೆ ಅಂಟಿಸಿ, ಟೇಬಲ್ ಮೇಲೆ ಕ್ಲ್ಯಾಂಪ್ ಮಾಡಿದ ಬ್ಲಾಕಿಗೆ ಡಯಲ್ ತಾಗಿಸಿ. ಒಂದು ಮೈಕ್ರಾನ್ ಡಯಲ್ ಇದ್ದರೆ ಒಳ್ಳೆಯದು, ಎರಡು ಮೈಕ್ರಾನಿನದೂ ನಡೆಯುತ್ತದೆ. ಹ್ಯಾಂಡ್‌ವೀಲಿನಲ್ಲಿ ಒಂದು ಕ್ಲಿಕ್‌ಗೆ 0.01 ಮಿಮೀ ಇಟ್ಟು ಪ್ಲಸ್ ಕಡೆಗೆ ಹತ್ತು ಹದಿನೈದು ಕ್ಲಿಕ್ ಹೋಗಿ. ಪ್ರತಿ ಕ್ಲಿಕ್‌ಗೂ ಮುಳ್ಳು ಸಮನಾಗಿ ಹೆಜ್ಜೆ ಇಡುತ್ತಿದೆಯೇ ನೋಡಿ. ಈಗ ಡಯಲ್ ಸೊನ್ನೆ ಮಾಡಿ, ಹ್ಯಾಂಡ್‌ವೀಲನ್ನು 0.001ಕ್ಕೆ ಇಳಿಸಿ ಹಿಂದಕ್ಕೆ ತಿರುಗಿಸಿ. ಮುಳ್ಳು ಅಲುಗುವ ಮೊದಲು ಎಷ್ಟು ಕ್ಲಿಕ್ ಖರ್ಚಾಯಿತೋ ಅಷ್ಟು ಚಲನೆ ಕಳೆದುಹೋಗಿದೆ. ಇದನ್ನು ಒಂದೇ ಜಾಗದಲ್ಲಿ ಮಾಡಿ ನಿಲ್ಲಿಸಬೇಡಿ. ಟ್ರಾವೆಲ್‌ನ ಎರಡೂ ತುದಿಯಲ್ಲಿ ಮತ್ತು ನಡುವೆ ಮಾಡಿ, ಮೂರೂ ಓದನ್ನು ಹಾಳೆಯ ಮೇಲೆ ಬರೆಯಿರಿ.

ಈ ಮೂರು ಓದುಗಳಿಂದಲೇ ಅರ್ಧ ತೀರ್ಮಾನ ಆಗುತ್ತದೆ. ಮೂರೂ ಕಡೆ 50 ಮೈಕ್ರಾನ್ ಬಂದರೆ ತೊಂದರೆ ಸ್ಕ್ರೂವಿನ ಜೊತೆ ಸಾಗುವ ಅಥವಾ ಸ್ಕ್ರೂವನ್ನು ಹಿಡಿದಿರುವ ಭಾಗದಲ್ಲಿದೆ: ಬೇರಿಂಗ್, ನಟ್, ಕಪ್ಲಿಂಗ್. ತುದಿಗಳಲ್ಲಿ 20, ನಡುವೆ 60 ಬಂದರೆ ಸ್ಕ್ರೂ ತಾನೇ ಸವೆದಿದೆ. ವೈಸ್ ಯಾವಾಗಲೂ ಟೇಬಲ್ ನಡುವೆಯೇ ಕೂತಿರುತ್ತದಲ್ಲ, ಮಷಿನ್ ವರ್ಷಗಟ್ಟಲೆ ಅಷ್ಟರಲ್ಲೇ ಓಡಾಡಿರುತ್ತದೆ. ಹೀಗೆ ಸವೆದ ಸ್ಕ್ರೂವಿಗೆ ನಟ್ ಪ್ರೀಲೋಡ್ ಬಿಗಿ ಮಾಡಿದರೆ ನಡುವೆ ಸರಿಹೋಗಿ ತುದಿಗಳಲ್ಲಿ ಕಚ್ಚಿಕೊಳ್ಳುತ್ತದೆ. ಅಲ್ಲಿ ಉಳಿದ ದಾರಿ ಸ್ಕ್ರೂ ಮರುಗ್ರೈಂಡಿಂಗ್ ಅಥವಾ ಹೊಸ ಸ್ಕ್ರೂ.

ಮೂರೂ ಕಡೆ ಒಂದೇ ಇದ್ದರೆ ಸರಪಳಿಯ ಒಂದೊಂದು ಕೊಂಡಿಯನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಸ್ಕ್ರೂವಿನ ತುದಿಯಲ್ಲಿ, ಲೇತ್ ಸೆಂಟರ್‌ಗಾಗಿ ಕೊರೆದ ಸಣ್ಣ ಕುಳಿ ಇರುತ್ತದೆ. ಬೇರಿಂಗ್ ಕವರ್ ತೆಗೆದು ಆ ಕುಳಿಯ ಹಳೆಯ ಗ್ರೀಸನ್ನು ಒರೆಸಿ, ಚಿಟಿಕೆಯಷ್ಟು ಹೊಸ ಗ್ರೀಸ್ ಹಚ್ಚಿ ಒಂದು ಉಕ್ಕಿನ ಬಾಲ್ ಅಂಟಿಸಿ. ಬೇಸನ್ನು ಬೇರಿಂಗ್ ಹೌಸಿಂಗ್ ಮೇಲೆ ಕೂರಿಸಿ, ಚಪ್ಪಟೆ ತುದಿಯ ಡಯಲನ್ನು ಆ ಬಾಲಿಗೆ ನೇರವಾಗಿ ತಾಗಿಸಿ. ಈಗ ಹ್ಯಾಂಡ್‌ವೀಲ್‌ನಿಂದ ಅಕ್ಷವನ್ನು ಹಿಂದೆ ಮುಂದೆ ತಿರುಗಿಸಿ. ಸ್ಕ್ರೂ ತಿರುಗಬೇಕು, ಮುಳ್ಳು ನಿಂತಲ್ಲೇ ನಿಲ್ಲಬೇಕು. ದಿಕ್ಕು ಬದಲಿಸಿದ ಕ್ಷಣ ಮುಳ್ಳು 30 ಮೈಕ್ರಾನ್ ಹಾರಿ ಅಲ್ಲೇ ನಿಂತಿತು ಎಂದರೆ ಸ್ಕ್ರೂವೇ ಉದ್ದಕ್ಕೆ ಸರಿಯುತ್ತಿದೆ. ತ್ರಸ್ಟ್ ಬೇರಿಂಗ್ ಸವೆದಿದೆ ಅಥವಾ ಅದರ ಲಾಕ್ ನಟ್ ಸಡಿಲವಾಗಿದೆ. ಮುಳ್ಳು ಸುತ್ತಿಗೊಮ್ಮೆ ಏರಿ ಇಳಿದರೆ ಗಾಬರಿಯಾಗಬೇಡಿ, ಬಾಲ್ ನಟ್ಟನಡುವೆ ಕೂತಿಲ್ಲ ಅಷ್ಟೇ.

ಲಾಕ್ ನಟ್ ಸಡಿಲವಾಗಿದ್ದರೆ ಒಂದು ಸ್ಪ್ಯಾನರ್ ಕೆಲಸದಲ್ಲಿ ಕತೆ ಮುಗಿಯುತ್ತದೆ, ಆದ್ದರಿಂದ ಮೊದಲು ಅದನ್ನು ನೋಡಿ. ಬೇರಿಂಗ್ ಬದಲಿಸಲೇಬೇಕಾದರೆ ಹೊರಗಿನ ಅಳತೆ ಸರಿಹೋಯಿತು ಎಂದು ಸಾಮಾನ್ಯ ಆಂಗ್ಯುಲರ್ ಬೇರಿಂಗ್ ಹಾಕಬೇಡಿ. ಬಾಲ್ ಸ್ಕ್ರೂವಿಗೆಂದೇ ಬರುವ ಬೇರಿಂಗ್‌ಗಳ ಕಾಂಟ್ಯಾಕ್ಟ್ ಕೋನ ಹೆಚ್ಚಾಗಿ 60 ಡಿಗ್ರಿ, ಉದ್ದಕ್ಕೆ ಬರುವ ಒತ್ತಡ ತಡೆಯಲಿಕ್ಕೇ ಮಾಡಿದವು. ಅವು ಜೋಡಿಯಾಗಿ ಗ್ರೈಂಡ್ ಆಗಿ ಬರುತ್ತವೆ. ಹೊರ ರಿಂಗಿನ ಮೇಲೆ ಎಳೆದ ವಿ ಗುರುತು ಕೂಡುವಂತೆ, ಹಳೆಯವು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಕೂರಿಸಿ. ಬಿಚ್ಚುವಾಗಲೇ ಒಂದು ಫೋಟೋ ತೆಗೆದಿಟ್ಟರೆ ಆಮೇಲೆ ವಾದ ಇರುವುದಿಲ್ಲ.

ಬಾಲ್ ಮೇಲಿನ ಮುಳ್ಳು ಅಲುಗಲಿಲ್ಲ, ಆದರೂ ಟೇಬಲ್ ತಡವಾಗಿ ಹೊರಡುತ್ತಿದೆ ಎಂದಾದರೆ ಮುಂದಿನ ಕೊಂಡಿ ನಟ್. ಡಯಲನ್ನು ನಟ್ಟಿನ ಫ್ಲ್ಯಾಂಜ್ ಮತ್ತು ಅದು ಕೂತ ಬ್ರ್ಯಾಕೆಟ್ ನಡುವೆ ಇಟ್ಟು ದಿಕ್ಕು ಬದಲಿಸಿ. ಅಲ್ಲಿ ಚಲನೆ ಕಂಡರೆ ಬೋಲ್ಟ್ ಸಡಿಲ ಅಥವಾ ಡೋವೆಲ್ ಪಿನ್ ಸವೆದಿದೆ. ಅಲ್ಲೂ ಇಲ್ಲವಾದರೆ ನಟ್ ಒಳಗೇ ಪ್ಲೇ ಇದೆ. ಜೋಡಿ ನಟ್ ಇದ್ದರೆ ನಡುವಿನ ಸ್ಪೇಸರ್ ಬದಲಿಸಿ ಪ್ರೀಲೋಡ್ ಹಿಂದಕ್ಕೆ ತರಬಹುದು. ಒಂಟಿ ನಟ್ ಆದರೆ ಕೆಲವೇ ಮೈಕ್ರಾನ್ ದಪ್ಪ ಹೆಚ್ಚಿರುವ ಬಾಲ್‌ಗಳನ್ನು ತುಂಬಬೇಕು. ತುಂಬುವುದಾದರೆ ಎಲ್ಲವನ್ನೂ ಬದಲಿಸಿ, ಹಳೆಯ ಹೊಸ ಬಾಲ್ ಬೆರೆಸಬೇಡಿ. ಆ ಕೆಲಸ ಕೈಗೆ ಪಳಗಿಲ್ಲದವರು ಸ್ಕ್ರೂ ರಿಪೇರಿ ಮಾಡುವವರಿಗೆ ಕೊಡುವುದೇ ಲೇಸು.

ಕೊನೆಯ ಕೊಂಡಿ ಮೋಟಾರ್ ಮತ್ತು ಸ್ಕ್ರೂ ನಡುವಿನದು. ಮೋಟಾರ್ ಶಾಫ್ಟ್ ಮತ್ತು ಸ್ಕ್ರೂ ಎರಡಕ್ಕೂ ಅಡ್ಡಲಾಗಿ ಮಾರ್ಕರ್‌ನಲ್ಲಿ ಒಂದೇ ಗೆರೆ ಎಳೆದು, ಒಂದಿಷ್ಟು ಹೊತ್ತು ರ‍್ಯಾಪಿಡ್‌ನಲ್ಲಿ ಹಿಂದೆ ಮುಂದೆ ಓಡಿಸಿ ನಿಲ್ಲಿಸಿ. ಗೆರೆ ಮುರಿದಿದ್ದರೆ ಕಪ್ಲಿಂಗ್ ಜಾರುತ್ತಿದೆ. ಬೆಲ್ಟ್ ಇದ್ದರೆ ಹಲ್ಲುಗಳ ಬುಡದಲ್ಲಿ ಬಿರುಕು ಮತ್ತು ಪುಲ್ಲಿಯ ಕೀಲಿ ನೋಡಿ.

ಪ್ಯಾರಾಮೀಟರ್ ಎಷ್ಟನ್ನು ಮುಚ್ಚೀತು

ಇಷ್ಟೆಲ್ಲ ಬಿಚ್ಚುವ ಬದಲು 535ರಲ್ಲಿ 50 ತುಂಬಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಡಯಲ್ ಇಟ್ಟು ನೋಡಿದರೆ ಸಾಲುತ್ತದೆ, ಕಟ್ಟರ್ ಇಟ್ಟು ನೋಡಿದರೆ ಸಾಲುವುದಿಲ್ಲ. ಕಾಂಪೆನ್ಸೇಷನ್ ಮಾಡುವುದು ಇಷ್ಟೇ: ದಿಕ್ಕು ಬದಲಾದಾಗ ಮೋಟಾರನ್ನು ಅಷ್ಟು ಹೆಚ್ಚು ತಿರುಗಿಸುವುದು. ಟೇಬಲ್ಲನ್ನು ಅದು ಹಿಡಿದಿಡುವುದಿಲ್ಲ. ಕ್ಲೈಂಬ್ ಮಿಲ್ಲಿಂಗ್‌ನಲ್ಲಿ ಕಟ್ಟರ್ ಟೇಬಲ್ಲನ್ನು ತನ್ನ ಕಡೆ ಎಳೆಯುತ್ತದೆ, ಎಳೆದಾಗ ಆ 50 ಮೈಕ್ರಾನ್ ಜಾಗದಲ್ಲಿ ಟೇಬಲ್ ಮುಂದಕ್ಕೆ ಹಾರುತ್ತದೆ. ಇನ್ಸರ್ಟ್ ಚೂರಾಗುವುದು, ಫಿನಿಶ್‌ನಲ್ಲಿ ಅಲೆ ಏಳುವುದು, ಮೂಲೆಯಲ್ಲಿ ಕಟ್ಟರ್ ಒಳಗೆ ನುಗ್ಗುವುದು ಎಲ್ಲ ಹೀಗೇ. ಮೆಕ್ಯಾನಿಕಲ್ ಸರಿಪಡಿಸಿದ ಮೇಲೆ ಉಳಿಯುವ 5-10 ಮೈಕ್ರಾನಿಗೆ ಈ ಪ್ಯಾರಾಮೀಟರ್ ಬಳಸಿ. ಅದಕ್ಕೆಂದೇ ಅದು ಇರುವುದು.

ಟೇಬಲ್‌ಗೆ ಗ್ಲಾಸ್ ಸ್ಕೇಲ್ ಕೂರಿಸಿದರೆ ಪ್ಲೇ ಲೆಕ್ಕಕ್ಕೇ ಬರುವುದಿಲ್ಲ ಎಂಬ ನಂಬಿಕೆಯೂ ಇದೆ. ಆಗುವುದು ಅದರ ವಿರುದ್ಧ. ಪ್ಲೇ ಈಗ ಪೊಸಿಷನ್ ಲೂಪ್ ಒಳಗೇ ಬಂದು ಕೂರುತ್ತದೆ. ಮೋಟಾರ್ ತಿರುಗಿದರೂ ಸ್ಕೇಲ್ ಅಲುಗದು, ಕಂಟ್ರೋಲ್ ಇನ್ನಷ್ಟು ತಳ್ಳುತ್ತದೆ, ಟೇಬಲ್ ಗುರಿ ದಾಟುತ್ತದೆ, ಮತ್ತೆ ಹಿಂದಕ್ಕೆ ಎಳೆಯುತ್ತದೆ. ನಿಂತ ಜಾಗದಲ್ಲೇ ಅಕ್ಷ ಗುಂಯ್‌ಗುಡುತ್ತಾ ಅಲುಗಾಡುತ್ತದೆ.

ಎಣ್ಣೆ ಮತ್ತು ಗಿಬ್

ಸವೆದ ಸ್ಲೈಡ್‌ವೇ (ಟೇಬಲ್ ಜಾರುವ ಹಾದಿ) ಹಿಂದೆ ಬಹಳ ಸಲ ಕಟ್ಟಿಕೊಂಡ ಎಣ್ಣೆ ದಾರಿ ಇರುತ್ತದೆ. ಪಂಪ್ ಓಡುತ್ತದೆ, ಟ್ಯಾಂಕಿನಲ್ಲಿ ಎಣ್ಣೆ ಇದೆ, ಪ್ರೆಷರ್ ಕೂಡ ತೋರಿಸುತ್ತದೆ. ಆದರೆ ಒಂದು ಮೀಟರಿಂಗ್ ಯೂನಿಟ್ ಕಟ್ಟಿಕೊಂಡು ಆ ಒಂದು ಮೂಲೆಗೆ ಹನಿ ಎಣ್ಣೆಯೂ ಹೋಗಿರುವುದಿಲ್ಲ. ಟ್ಯಾಂಕಿನಲ್ಲಿ ಎಣ್ಣೆ ಕಡಿಮೆಯಾಗದೆ ತಿಂಗಳುಗಟ್ಟಲೆ ಹಾಗೇ ಇದ್ದರೆ ಅದೇ ಮೊದಲ ಸುಳಿವು. ಪ್ರತಿ ಲೈನನ್ನೂ ಸ್ಲೈಡ್ ಕಡೆಯಲ್ಲಿ ಬಿಚ್ಚಿ, ಪಂಪ್ ಒಮ್ಮೆ ಹೊಡೆದಾಗ ಹನಿ ಬರುತ್ತದೆಯೇ ನೋಡಿ. ಬಾರದ ಯೂನಿಟ್ಟನ್ನು ತೊಳೆದು ಮತ್ತೆ ಹಾಕುವುದಕ್ಕಿಂತ ಹೊಸದು ಹಾಕಿ. ಎಣ್ಣೆ ಸ್ಲೈಡ್‌ವೇ ಎಣ್ಣೆಯೇ ಆಗಿರಲಿ, ಬಹಳಷ್ಟು ಮಷಿನ್‌ಗಳಿಗೆ ವಿಜಿ 68 ಹೇಳಿರುತ್ತಾರೆ. ಹೈಡ್ರಾಲಿಕ್ ಎಣ್ಣೆ ಕೈಗೆ ಸಿಗುತ್ತದೆಂದು ಅದನ್ನು ಸುರಿದರೆ ನಿಧಾನ ಫೀಡ್‌ನಲ್ಲಿ ಟೇಬಲ್ ತಡೆ ತಡೆದು ಜಿಗಿಯುತ್ತದೆ. ಆ ಜಿಗಿತ ಡಯಲ್ ಮೇಲೆ ಬ್ಯಾಕ್‌ಲ್ಯಾಷ್‌ನಂತೆಯೇ ಕಾಣುತ್ತದೆ.

ಗಿಬ್ (ಸ್ಲೈಡ್‌ವೇಯ ಸಡಿಲ ಹೊಂದಿಸುವ ಲೋಹದ ಪಟ್ಟಿ) ಸಡಿಲವಾಗಿದ್ದರೆ ಟೇಬಲ್ ದಿಕ್ಕು ಬದಲಿಸುವಾಗ ಸ್ವಲ್ಪ ಓರೆಯಾಗುತ್ತದೆ. ಎರಡು ಡಯಲನ್ನು ಟೇಬಲ್‌ನ ಎರಡು ತುದಿಯಲ್ಲಿ ಅಡ್ಡಕ್ಕೆ ಇಟ್ಟು ದಿಕ್ಕು ಬದಲಿಸಿದರೆ ಒಂದು ಏರಿ ಇನ್ನೊಂದು ಇಳಿಯುವುದು ಕಾಣುತ್ತದೆ. ಬಿಗಿ ಮಾಡುವಾಗ ಸರ್ವೋ ಲೋಡ್ ಮೀಟರ್ ಮೇಲೆ ಕಣ್ಣಿರಲಿ, ಲೋಡ್ ಏರತೊಡಗಿದಾಗ ಸ್ವಲ್ಪ ಹಿಂದಕ್ಕೆ ಬಿಡಿ. ಎಣ್ಣೆ ಸರಿಮಾಡುವ ಮುಂಚೆ ಗಿಬ್ ಮುಟ್ಟಬೇಡಿ.

ವೃತ್ತ ಹೇಳುವ ವಿಷಯ

ಬಾಲ್‌ಬಾರ್ (ಅಕ್ಷಗಳು ಸುತ್ತುವ ವೃತ್ತವನ್ನು ಅಳೆಯುವ ಉಪಕರಣ) ಇದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಅಲ್ಯೂಮಿನಿಯಂ ಬ್ಲಾಕಿನಲ್ಲಿ 100 ಮಿಮೀ ವೃತ್ತವನ್ನು ತೆಳು ಫಿನಿಶ್ ಕಟ್‌ನಲ್ಲಿ ಕೊರೆದು, ಸ್ಪಿಂಡಲ್‌ನಲ್ಲಿ ಡಯಲ್ ಕಟ್ಟಿ ಸುತ್ತಿಸಿ ನೋಡಿ. ಎಕ್ಸ್ ಮತ್ತು ವೈ ಅಕ್ಷ ದಾಟುವ ನಾಲ್ಕು ಜಾಗಗಳಲ್ಲಿ ಮೆಟ್ಟಿಲು ಕಂಡರೆ ಪ್ಲೇ ಅಥವಾ ಘರ್ಷಣೆ. 45 ಡಿಗ್ರಿಯಲ್ಲಿ ಮೊಟ್ಟೆಯಾಕಾರ ಬಂದರೆ ಇನ್ನೊಂದು ವೃತ್ತವನ್ನು ವಿರುದ್ಧ ದಿಕ್ಕಿನಲ್ಲಿ, ಜಿ02 ಬದಲು ಜಿ03ರಲ್ಲಿ ಕೊರೆಯಿರಿ. ಮೊಟ್ಟೆಯ ಉದ್ದ ಅದೇ ಕಡೆ ಉಳಿದರೆ ಎಕ್ಸ್ ಮತ್ತು ವೈ ಪರಸ್ಪರ 90 ಡಿಗ್ರಿಯಲ್ಲಿಲ್ಲ. ಅದಕ್ಕೆ ಮಷಿನ್ ಲೆವೆಲ್ ಮತ್ತು ಜೋಡಣೆ ನೋಡಬೇಕು. 45ರಿಂದ 135 ಡಿಗ್ರಿಗೆ ತಿರುಗಿ ಕೂತರೆ ಎರಡು ಅಕ್ಷಗಳ ಸರ್ವೋ ಗೇನ್ (ತಪ್ಪನ್ನು ತಿದ್ದುವ ಚುರುಕು) ಹೊಂದುತ್ತಿಲ್ಲ.

ಗೇನ್ ಹೊಂದಿಕೆಯನ್ನು ಪರದೆಯ ಮೇಲೇ ಪರೀಕ್ಷಿಸಬಹುದು. 0-ಎಂನ ಡಯಾಗ್ನೋಸ್ ಪುಟದಲ್ಲಿ 800 ಎಕ್ಸ್‌ನ, 801 ವೈಯ ಪೊಸಿಷನ್ ಎರರ್, ಅಂದರೆ ಹೇಳಿದ ಜಾಗಕ್ಕೂ ಅಕ್ಷ ಇರುವ ಜಾಗಕ್ಕೂ ಇರುವ ಅಂತರ. ಪೊಸಿಷನ್ ಗೇನ್ ಸೆಕೆಂಡಿಗೆ 30 ಇದ್ದು ನಿಮಿಷಕ್ಕೆ 1000 ಮಿಮೀ ಫೀಡ್ ಕೊಟ್ಟರೆ ಎರರ್ 0.556 ಮಿಮೀ ಆಸುಪಾಸು ಬರಬೇಕು. 1000ವನ್ನು 60ರಿಂದ ಭಾಗಿಸಿ, ಬಂದದ್ದನ್ನು 30ರಿಂದ ಭಾಗಿಸಿದರೆ ಸಿಗುವ ಲೆಕ್ಕ ಅದು. ಪರದೆಯ ಮೇಲೆ 556ರ ಹತ್ತಿರ ಕಾಣುತ್ತದೆ. ಎಕ್ಸ್‌ನಲ್ಲಿ 556, ವೈನಲ್ಲಿ 620 ಬಂದರೆ ವೃತ್ತ ಗುಂಡಗಾಗುವುದು ಸಾಧ್ಯವಿಲ್ಲ. ಚಲಿಸುವಾಗ ಈ ನಂಬರ್ ಸ್ಥಿರವಾಗಿರಬೇಕು. ಒಂದು ಜಾಗದಲ್ಲಿ ಮಾತ್ರ ಏರಿದರೆ ಅಲ್ಲಿ ಅಕ್ಷ ಬಿಗಿಯಾಗಿದೆ.

ಎಲೆಕ್ಟ್ರಿಕಲ್ ಕಡೆ

ಅಳತೆ ಜಿಗಿಯುವ ಜಾತಿಯ ತಪ್ಪಿಗೆ ಈ ದಾರಿ. ಅಲಾರಂ ನಂಬರಿನ ನಡುವಿನ ಅಂಕೆ ಅಕ್ಷ ಯಾವುದೆಂದು ಹೇಳುತ್ತದೆ: 411 ಎಂದರೆ ಎಕ್ಸ್ ಚಲಿಸುವಾಗ ಎರರ್ ಮಿತಿ ಮೀರಿತು, 421 ವೈ, 431 ಝಡ್. ಕೊನೆಯಲ್ಲಿ 0 ಬಂದರೆ, ಅಂದರೆ 410, 420, ನಿಂತಾಗ ಮೀರಿತು. 416 ಬಂದರೆ ಎಕ್ಸ್ ಫೀಡ್‌ಬ್ಯಾಕ್ ಕಡಿದಿದೆ. 414 ಬಂದರೆ ಡಯಾಗ್ನೋಸ್ 720ರ ಬಿಟ್‌ಗಳನ್ನು ಬರೆದುಕೊಂಡ ಮೇಲೆ ರೀಸೆಟ್ ಒತ್ತಿ. ಓವರ್‌ಲೋಡೋ, ಓವರ್‌ಕರೆಂಟೋ, ವೋಲ್ಟೇಜ್ ಕಡಿಮೆಯಾಯಿತೋ ಎಂಬುದು ಅಲ್ಲಿದೆ.

ಟ್ರಾವೆಲ್‌ನ ಒಂದೇ ಜಾಗದಲ್ಲಿ ಅಲಾರಂ ಬರುತ್ತಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ. ಚೈನಿನೊಳಗೆ ಬಾಗಿ ಬಾಗಿ ಒಳಗಿನ ತಂತಿ ತುಂಡಾಗಿರುತ್ತದೆ, ಹೊರಗಿನ ಕವಚ ಹೊಸದರಂತೆ ಹೊಳೆಯುತ್ತಿರುತ್ತದೆ. ಅಕ್ಷವನ್ನು ನಿಧಾನವಾಗಿ ಜಾಗ್ ಮಾಡುತ್ತಾ ಹೊರಗಿನಿಂದ ಮರದ ಕಡ್ಡಿಯಲ್ಲಿ ಕೇಬಲ್ ಅಲುಗಿಸಿ ನೋಡಿ. ಕನೆಕ್ಟರ್ ಬಿಚ್ಚಿದಾಗ ಒಳಗೆ ಕೂಲಂಟ್ ಜಿನುಗಿ ಹಸಿರು ಕಿಲುಬು ಕಂಡರೆ ಬರೀ ಸ್ಪ್ರೇ ಹೊಡೆದು ಬಿಡಬೇಡಿ, ಕನೆಕ್ಟರ್ ಬದಲಿಸಿ. ಎನ್‌ಕೋಡರ್‌ಗೆ ಹೋಗುವ 5 ವೋಲ್ಟನ್ನು ಪ್ಯಾನೆಲ್‌ನಲ್ಲಲ್ಲ, ಎನ್‌ಕೋಡರ್ ಕಡೆಯಲ್ಲಿ ಅಳೆಯಿರಿ. ಅಲ್ಲಿ 4.75ಕ್ಕಿಂತ ಕೆಳಗಿದ್ದರೆ ಎಣಿಕೆ ತಪ್ಪುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಕೂಲಂಟ್ ಪಂಪ್ ಆನ್ ಆದಾಗ, ಸ್ಪಿಂಡಲ್ ನಿಂತಾಗ, ಬ್ರೇಕ್ ಬಿಟ್ಟಾಗ ಅಳತೆ ಜಿಗಿಯುತ್ತಿದ್ದರೆ ಅದು ನಾಯ್ಸ್. ಎಸಿ ಕಾಂಟ್ಯಾಕ್ಟರ್ ಕಾಯಿಲ್‌ಗೆ ಆರ್‌ಸಿ ಸಪ್ರೆಸರ್, ಡಿಸಿ ಕಾಯಿಲ್‌ಗೆ ಡಯೋಡ್ ಇದೆಯೇ ನೋಡಿ. ಹಳೆಯ ಸಪ್ರೆಸರ್‌ಗಳು ಒಣಗಿ ಸತ್ತಿರುತ್ತವೆ. ನಂತರ ಸ್ಪಿಂಡಲ್ ಕೇಬಲ್ ಮತ್ತು ಎನ್‌ಕೋಡರ್ ಕೇಬಲ್ ಒಂದೇ ಟ್ರೇಯಲ್ಲಿ ಜೊತೆಯಾಗಿ ಓಡುತ್ತಿವೆಯೇ, ಶೀಲ್ಡ್ ಅರ್ಥಿಂಗ್‌ಗೆ ಗಟ್ಟಿಯಾಗಿ ಕೂತಿದೆಯೇ ನೋಡಿ.

ಅಕ್ಷಗಳನ್ನು ಅದಲು ಬದಲು ಮಾಡಿ ನೋಡುವುದು ಹಳೆಯ, ನಂಬಬಹುದಾದ ಉಪಾಯ. ಎಕ್ಸ್ ಮತ್ತು ವೈ ಡ್ರೈವ್ ಒಂದೇ ಮಾಡೆಲ್ ಆಗಿದ್ದರೆ ಅವನ್ನು ಅದಲು ಬದಲು ಮಾಡಿ. ಅಲಾರಂ ಡ್ರೈವ್ ಜೊತೆ ಹೋದರೆ ಡ್ರೈವ್ ಕೆಟ್ಟಿದೆ, ಅಕ್ಷದಲ್ಲೇ ಉಳಿದರೆ ಮೋಟಾರ್ ಅಥವಾ ಕೇಬಲ್. ಮೋಟಾರನ್ನು 500 ವೋಲ್ಟ್ ಮೆಗ್ಗರ್‌ನಿಂದ (ಇನ್ಸುಲೇಷನ್ ಅಳೆಯುವ ಮೀಟರ್) ಪರೀಕ್ಷಿಸಬಹುದು, ಆದರೆ ಡ್ರೈವ್‌ನಿಂದ ತಂತಿಗಳನ್ನು ಪೂರ್ತಿ ಬಿಡಿಸಿದ ಮೇಲೆ ಮಾತ್ರ, ಅದೂ ಪವರ್ ತಂತಿಗಳಿಗೆ ಮಾತ್ರ. ಎನ್‌ಕೋಡರ್ ತಂತಿಗೆ ಮೆಗ್ಗರ್ ತಾಗಿದರೆ ಎನ್‌ಕೋಡರ್ ಅಲ್ಲಿಗೇ ಮುಗಿಯಿತು. ಒಳ್ಳೆಯ ಮೋಟಾರ್ 100 ಮೆಗಾಓಮ್‌ಗೂ ಮೇಲೆ ತೋರಿಸುತ್ತದೆ, 1 ಮೆಗಾಓಮ್‌ಗೆ ಇಳಿದದ್ದನ್ನು ಓಡಿಸಬೇಡಿ. ಡಿಸಿ ಸರ್ವೋ ಆದರೆ ಬ್ರಷ್ ತೆಗೆದು ಕಾರ್ಬನ್ ಪುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಗಾಳಿ ಊದಿದರೆ ಪುಡಿ ಇನ್ನೂ ಒಳಗೆ ಸೇರುತ್ತದೆ.

ಮಧ್ಯಾಹ್ನವಷ್ಟೇ ಬರುವ ತಪ್ಪಿಗೆ ಪ್ಯಾನೆಲ್ ಫ್ಯಾನ್ ಮತ್ತು ಪವರ್ ಸಪ್ಲೈ ಕೆಪಾಸಿಟರ್ ನೋಡಿ. ಮೀಟರ್ 24 ವೋಲ್ಟ್ ಸರಿಯಾಗಿ ತೋರಿಸಿದರೂ ಆಸಿಲೋಸ್ಕೋಪ್ ಹಾಕಿದಾಗ ಅಲೆ ಏಳುತ್ತಿರಬಹುದು. ಪ್ಯಾನೆಲ್ ಬಾಗಿಲು ತೆರೆದು ಟೇಬಲ್ ಫ್ಯಾನ್ ಇಡುವ ಅಭ್ಯಾಸ ದಯವಿಟ್ಟು ಬಿಡಿ. ಎಣ್ಣೆ ಆವಿ, ಎರಕದ ಪುಡಿ ಬೋರ್ಡ್‌ಗಳ ಮೇಲೆ ಕೂತು ತಂತಿಗಳ ನಡುವೆ ದಾರಿ ಮಾಡಿಕೊಳ್ಳುತ್ತದೆ.

ಹೋಮ್ ಒಂದು ಪಿಚ್ ತಪ್ಪಿದರೆ

ಹೋಮಿಂಗ್‌ನಲ್ಲಿ ಅಕ್ಷ ತನ್ನ ಡಾಗ್‌ನಿಂದ (ಸ್ವಿಚ್ ಒತ್ತಲು ಕೂರಿಸಿದ ಲೋಹದ ತುಂಡು) ಹೋಮ್ ಸ್ವಿಚ್ ಒತ್ತಿ, ಅದು ಬಿಟ್ಟ ಮೇಲೆ ಬರುವ ಎನ್‌ಕೋಡರ್‌ನ ಮೊದಲ ಮಾರ್ಕರ್ ಪಲ್ಸ್‌ಗೆ ನಿಲ್ಲುತ್ತದೆ. ಮಾರ್ಕರ್ ಸುತ್ತಿಗೆ ಒಂದೇ. ಸ್ವಿಚ್ ಬಿಡುವ ಜಾಗ ಮತ್ತು ಮಾರ್ಕರ್ ತೀರ ಹತ್ತಿರ ಬಂದಿದ್ದರೆ ಸ್ವಿಚ್ ಕೂದಲೆಳೆಯಷ್ಟು ತಡ ಮಾಡಿದರೂ ಆ ಮಾರ್ಕರ್ ತಪ್ಪಿ ಮುಂದಿನದಕ್ಕೆ ಹೋಗಿ ನಿಲ್ಲುತ್ತದೆ. ಡಾಗನ್ನು ಅರ್ಧ ಪಿಚ್‌ನಷ್ಟು ಸರಿಸಿ, ಸ್ವಿಚ್ ಬಿಟ್ಟ ಮೇಲೆ ಅರ್ಧ ಸುತ್ತು ದೂರದಲ್ಲಿ ಮಾರ್ಕರ್ ಸಿಗುವಂತೆ ಮಾಡಿ. ಸ್ವಿಚ್ಚಿನ ಪ್ಲಂಜರ್ ಜಿಡ್ಡು ಹಿಡಿದು ಸಿಕ್ಕಿಕೊಳ್ಳುತ್ತಿದ್ದರೆ ಅದನ್ನೂ ಬದಲಿಸಿ. ಡಾಗ್ ಮುಟ್ಟಿದ ಮೇಲೆ ಟೂಲ್ ಚೇಂಜ್ ಎತ್ತರವನ್ನು ಖಾಲಿ ಸ್ಪಿಂಡಲ್‌ನಲ್ಲಿ, ಫೀಡ್ ಓವರ್‌ರೈಡ್ ಕೆಳಗಿಟ್ಟು ಒಮ್ಮೆ ಪರೀಕ್ಷಿಸದೆ ಆಟೋಗೆ ಬಿಡಬೇಡಿ.

ಅಪ್‌ಗ್ರೇಡ್

ಮೇಲಿನದೆಲ್ಲ ಸರಿಯಾದ ಮೇಲೂ ಹಳೆಯ ಕಂಟ್ರೋಲ್ ಸಾಲದೆ ಹೋಗಬಹುದು. ತೊಂದರೆ ಬರೀ ಮೆಮೊರಿಯದಾದರೆ ಕಂಟ್ರೋಲ್ ಬದಲಿಸುವ ಅಗತ್ಯವಿಲ್ಲ. ಆರ್‌ಎಸ್-232 ಮೂಲಕ ಡ್ರಿಪ್ ಫೀಡ್ ಕೊಟ್ಟರೆ (ಪ್ರೋಗ್ರಾಮನ್ನು ಕಂಪ್ಯೂಟರಿನಿಂದ ಸ್ವಲ್ಪ ಸ್ವಲ್ಪವೇ ಕಳಿಸಿದರೆ) ಎಷ್ಟು ಉದ್ದದ ಮೋಲ್ಡ್ ಪ್ರೋಗ್ರಾಮ್ ಆದರೂ ಓಡುತ್ತದೆ. ಬೋರ್ಡ್ ಸತ್ತು ಬದಲಿ ಸಿಗದಿದ್ದರೆ, ಸಿಆರ್‌ಟಿ, ಡ್ರೈವ್, ಪವರ್ ಸಪ್ಲೈ ಒಂದಾದ ಮೇಲೊಂದು ಕೈ ಕೊಡುತ್ತಿದ್ದರೆ ರೆಟ್ರೋಫಿಟ್ (ಹಳೆಯ ಮಷಿನ್‌ಗೆ ಹೊಸ ಕಂಟ್ರೋಲ್ ಕೂರಿಸುವುದು) ಲೆಕ್ಕ ಹಾಕಿ.

ಮೋಟಾರ್ ಮತ್ತು ಡ್ರೈವ್ ಚೆನ್ನಾಗಿದ್ದು ಅವು ಪ್ಲಸ್ ಮೈನಸ್ 10 ವೋಲ್ಟ್ ಕಮಾಂಡ್‌ನವಾಗಿದ್ದರೆ ಅವನ್ನು ಉಳಿಸಿಕೊಂಡು ಕಂಟ್ರೋಲ್ ಮಾತ್ರ ಬದಲಿಸಬಹುದು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯಲ್ಲಿ ಶುರುವಾದ ಇಎಂಸಿ ಯೋಜನೆಯಿಂದ ಬೆಳೆದ ಲಿನಕ್ಸ್‌ಸಿಎನ್‌ಸಿ ಎಂಬ ಕಂಟ್ರೋಲ್ ಸಾಫ್ಟ್‌ವೇರ್ ಇದಕ್ಕೆ ಒಳ್ಳೆಯ ದಾರಿ. ಮೆಸಾ ಕಂಪನಿಯ 7ಐ77 ಕಾರ್ಡ್ ಆರು ಅಕ್ಷಗಳಿಗೆ ಅನಲಾಗ್ ಔಟ್‌ಪುಟ್ ಮತ್ತು ಎನ್‌ಕೋಡರ್ ಇನ್‌ಪುಟ್ ಕೊಡುತ್ತದೆ. ಫ್ಯಾನುಕ್ ಡಿಜಿಟಲ್ ಸರ್ವೋ ಇರುವ ಮಷಿನ್‌ನಲ್ಲಿ ಇದು ನೇರವಾಗಿ ಹೊಂದುವುದಿಲ್ಲ. ಅಲ್ಲಿ ಕಮಾಂಡ್ ಅನಲಾಗ್ ಅಲ್ಲ, ಆದ್ದರಿಂದ ಮೋಟಾರ್ ಮತ್ತು ಡ್ರೈವ್ ಎರಡನ್ನೂ ಬದಲಿಸುವ ಲೆಕ್ಕವೇ ಹೆಚ್ಚಾಗಿ ಸರಿಹೋಗುತ್ತದೆ. ಸರ್ವೋ ಇದ್ದ ಮಷಿನ್‌ಗೆ ಫೀಡ್‌ಬ್ಯಾಕ್ ಇಲ್ಲದ ಸ್ಟೆಪ್ಪರ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹೆಜ್ಜೆ ತಪ್ಪಿದರೂ ಕಂಟ್ರೋಲ್‌ಗೆ ಗೊತ್ತಾಗುವುದಿಲ್ಲ, ಟೇಬಲ್ ತೂಕ ಸಣ್ಣದೂ ಅಲ್ಲ.

ಹೊಸ ಕಂಟ್ರೋಲ್‌ನಲ್ಲಿ ಮೊದಲ ಸಲ ಸರ್ವೋ ಆನ್ ಮಾಡುವಾಗ ಬೆಲ್ಟ್ ಅಥವಾ ಕಪ್ಲಿಂಗ್ ಬಿಡಿಸಿ ಮೋಟಾರ್ ಮಾತ್ರ ತಿರುಗಲಿ. ಎನ್‌ಕೋಡರ್ ದಿಕ್ಕು ಉಲ್ಟಾ ಇದ್ದರೆ ಅಕ್ಷ ತಡೆಯಿಲ್ಲದೆ ಓಡುತ್ತದೆ. ಆಗ ಟೇಬಲ್ ಜೋಡಿಸಿದ್ದರೆ ಅದು ಕೊನೆಯ ಸ್ಟಾಪಿಗೆ ಹೋಗಿ ಬಡಿಯುತ್ತದೆ. ಫಾಲೋಯಿಂಗ್ ಎರರ್ ಮಿತಿಯನ್ನು ಚಿಕ್ಕದಿಡಿ, ತಪ್ಪಿದ ಕೂಡಲೇ ಡ್ರೈವ್ ಡಿಸೇಬಲ್ ಆಗಲಿ. ಟ್ಯೂನಿಂಗ್‌ನಲ್ಲಿ ಮೊದಲು ಡ್ರೈವ್‌ನ ವೆಲಾಸಿಟಿ ಲೂಪ್ ಮತ್ತು ಆಫ್‌ಸೆಟ್, ಆಮೇಲೆ ಕಂಟ್ರೋಲ್‌ನ ಪಿ (ಪೊಸಿಷನ್ ಗೇನ್), ಕೊನೆಗೆ ಎಫ್‌ಎಫ್1 (ವೇಗದ ಫೀಡ್‌ಫಾರ್ವರ್ಡ್). ಡ್ರೈವ್ ಸರಿಯಿಲ್ಲದೆ ಪಿ ಏರಿಸುತ್ತಾ ಹೋದರೆ ಕೊನೆ ಮುಟ್ಟುವುದಿಲ್ಲ.

ಎಮರ್ಜೆನ್ಸಿ ಸ್ಟಾಪ್ ಸರ್ಕ್ಯೂಟ್ ಸಾಫ್ಟ್‌ವೇರ್ ಒಳಗೆ ಇರಕೂಡದು. ಗುಂಡಿ ಒತ್ತಿದರೆ ಕಾಂಟ್ಯಾಕ್ಟರ್ ಬಿಡಬೇಕು, ಡ್ರೈವ್ ಎನೇಬಲ್ ಕಡಿಯಬೇಕು, ಝಡ್ ಬ್ರೇಕ್ ಹಿಡಿಯಬೇಕು. ಕಂಪ್ಯೂಟರ್ ಹ್ಯಾಂಗ್ ಆಗಿದ್ದರೂ ಇವೆಲ್ಲ ಆಗಬೇಕು.

ಹೆಚ್ಚು ಸಮಯ ತಿನ್ನುವುದು ಅಕ್ಷಗಳಲ್ಲ, ಟೂಲ್ ಚೇಂಜರ್. ಹಳೆಯ ಕಂಟ್ರೋಲ್ ಇನ್ನೂ ಓಡುತ್ತಿರುವಾಗಲೇ ಚೇಂಜರನ್ನು ಒಂದೊಂದೇ ಹೆಜ್ಜೆ ಓಡಿಸಿ, ಪ್ರತಿ ಹೆಜ್ಜೆಯಲ್ಲಿ ಯಾವ ಸೆನ್ಸರ್ ಆನ್, ಯಾವ ಸೊಲೆನಾಯ್ಡ್ ಆನ್ ಎಂದು ಡಯಾಗ್ನೋಸ್ ಪುಟದಿಂದ ಬರೆದುಕೊಳ್ಳಿ. ಡ್ರಾಬಾರ್ (ಟೂಲನ್ನು ಸ್ಪಿಂಡಲ್ ಒಳಗೆ ಎಳೆದು ಹಿಡಿಯುವ ಸರಳು) ಬಿಟ್ಟದ್ದು ಖಚಿತವಾಗದೆ ತೋಳು ಕೆಳಗಿಳಿಯಬಾರದು, ಟೂಲ್ ಕಚ್ಚಿದ್ದು ಖಚಿತವಾಗದೆ ಸ್ಪಿಂಡಲ್ ತಿರುಗಬಾರದು. ಹೊಸ ಲ್ಯಾಡರ್ ಲಾಜಿಕ್ ಪ್ರೋಗ್ರಾಂನಲ್ಲಿ ಈ ಎರಡೂ ಷರತ್ತು ಸೆನ್ಸರ್ ಓದಿಯೇ ಬರಲಿ, ಟೈಮರ್ ಮೇಲೆ ನಿಲ್ಲಿಸಬೇಡಿ. ತಂತಿ ಬಿಚ್ಚುವ ಮುನ್ನ ಪ್ರತಿಯೊಂದಕ್ಕೂ ನಂಬರ್ ಫೆರೂಲ್ ಹಾಕಿ, ಆ ನಂಬರ್ ಹಳೆಯ ಡ್ರಾಯಿಂಗ್ ಜೊತೆ ಹೊಂದುತ್ತದೆಯೇ ನೋಡಿ. ಹಿಂದಿನ ರಿಪೇರಿಗಳಲ್ಲಿ ಬದಲಾಗಿದ್ದರೆ ಡ್ರಾಯಿಂಗ್ ಮೇಲೇ ಕೆಂಪು ಪೆನ್ನಿನಲ್ಲಿ ತಿದ್ದಿ, ಪ್ಯಾನೆಲ್ ಬಾಗಿಲ ಒಳಗಿನ ಜೇಬಿನಲ್ಲಿ ಇಡಿ.